ಎಡಗಡೆ ಸೀಟಿನ ಗೇರು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಹನ್ನೊಂದು ವರ್ಷ ಒಂದು ಕಾರಿನ ಗೇರು ಹಾಕಿದವಳು ನಾನು. ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ, ನಂಬಿದವರು ಬೈಯುತ್ತಾರೆ. ಬೈಯಲಿ, ಬೈಯುವಂಥ ಕೆಲಸವೇ ಅದು. ಸ್ಟೇರಿಂಗು, ಕ್ಲಚ್ಚು, ಬ್ರೇಕು ಎಲ್ಲ ನನ್ನ ಗಂಡನದು. ಗೇರು ಮಾತ್ರ ಎಡಗಡೆ ಸೀಟಿನಲ್ಲಿ ಕೂತ ನನ್ನ ಬಲಗೈಯದು. ಹಾಸನದಿಂದ ಹೊಳೆನರಸೀಪುರಕ್ಕೆ, ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ ನಾವು ಹೀಗೆಯೇ ಹೋಗಿ ಬರುತ್ತಿದ್ದೆವು. ಒಂದು ಕೋಳಿಗೂ ಏಟು ಮಾಡಲಿಲ್ಲ.

ಅವರದು ಹಾಸನದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ. ಪಂಪಿನ ಶಾಫ್ಟು ಸವೆದರೆ, ಟ್ರ್ಯಾಕ್ಟರಿನ ಬುಷ್ಷು ಹೋದರೆ ಸುತ್ತಲಿನ ಹಳ್ಳಿಯವರು ಅಲ್ಲಿಗೇ ತರುತ್ತಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಹೀಗೆ ಇಬ್ಬರೂ ಚಕ್ರ ತಿರುಗಿಸಿ ಅನ್ನ ತಿಂದವರು. ಹತ್ತಿರದ ಮೊಸಳೆ ಊರಿನ ಹಳೆಯ ದೇವಸ್ಥಾನಕ್ಕೆ ಹೋದಾಗಲೆಲ್ಲ ಅವರು ದೇವರಿಗಿಂತ ಮೊದಲು ಕಂಬಕ್ಕೆ ಕೈಮುಗಿಯುತ್ತಿದ್ದರು. "ನೋಡೆ, ಕಲ್ಲನ್ನ ಲೇತ್‌ಗೆ ಆಕಿ ಕಡೆದವ್ರೆ. ಕರೆಂಟೇ ಇಲ್ದಾಗ" ಎಂದು ಕಂಬದ ಬಳೆಗಳ ಮೇಲೆ ಬೆರಳಾಡಿಸುತ್ತಿದ್ದರು. ಪೂಜಾರಿಗೆ ಅದು ಅಷ್ಟು ಹಿಡಿಸುತ್ತಿರಲಿಲ್ಲ.

ಕಾರು ಬಂದದ್ದು ಅವರ ಎರಡೂ ಕೈ ಚೆನ್ನಾಗಿದ್ದ ಕಾಲದಲ್ಲಿ. ಸಕಲೇಶಪುರದ ಕಡೆಯ ಒಬ್ಬ ಕಾಫಿ ತೋಟದವರು ಅದನ್ನು ಕಾರು ಓಟದ ರ‍್ಯಾಲಿಗಳಲ್ಲಿ ಓಡಿಸಿ, ಆಮೇಲೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿಬಿಟ್ಟಿದ್ದರು. ಎರಡೇ ಬಾಗಿಲು, ಎರಡು ಕಾರ್ಬುರೇಟರು, ಮೊಳಕಾಲಿನಷ್ಟು ಎತ್ತರದಲ್ಲಿ ಸೀಟು. ಅದರ ಸದ್ದಿಗೆ ನಮ್ಮ ಬೀದಿಯ ಮಕ್ಕಳು ಊಟ ಬಿಟ್ಟು ಓಡಿಬರುತ್ತಿದ್ದರು. ನಾನು ಮೊದಲ ದಿನ ಅದರೊಳಗೆ ಕೂರಲು ಹೋಗಿ, ಸೀರೆ ಬಾಗಿಲಿಗೆ ಸಿಕ್ಕಿ ಹರಿದು, "ಇದೇನು ಕಾರೋ, ಬಚ್ಚಲ ತೊಟ್ಟಿಯೋ" ಎಂದಿದ್ದೆ.

ಆಮೇಲೆ ಒಂದು ಸಂಜೆ ಕೊರವಂಗಲದ ಹತ್ತಿರ ಅವರ ಸ್ಕೂಟರಿಗೆ ನಾಯಿ ಅಡ್ಡ ಬಂತು. ತಲೆಗೆ ಏನೂ ಆಗಲಿಲ್ಲ. ಎಡ ಭುಜದ ನರ ಕಿತ್ತುಹೋಯಿತು. ಮೈಸೂರಿನಲ್ಲಿ ತೋರಿಸಿದೆವು, ಬೆಂಗಳೂರಿನಲ್ಲಿ ತೋರಿಸಿದೆವು. ಕೈ ಇತ್ತು, ಅದರಲ್ಲಿ ಜೀವ ಇರಲಿಲ್ಲ. ಷರಟಿನ ತೋಳಿನೊಳಗೆ ಅದನ್ನು ನಾನೇ ತೂರಿಸುತ್ತಿದ್ದೆ. ಲೇತನ್ನು ಅವರು ಬಲಗೈಯೊಂದರಲ್ಲೇ ನಡೆಸಲು ಕಲಿತರು. ಆದರೆ ಕಾರಿನ ಗೇರು ಎಡಗೈಯ ಪಾಲಿನದು. ಒಂದು ವರ್ಷ ಅವರು ಷೆಡ್ಡಿನಲ್ಲಿ ಕಾರಿನೊಳಗೆ ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಅದನ್ನು ನೋಡಲಾಗದೆ ಒಂದು ಭಾನುವಾರ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಎಂಜಿನ್ ಚಾಲೂ ಮಾಡಿದರು. ಕ್ಲಚ್ ಒತ್ತಿದರು. ನನ್ನ ಕಡೆ ತಿರುಗದೆ, "ಅದ್ನ ಮುಂದಕ್ಕೆ ತಳ್ಳು" ಅಂದರು.

ತಳ್ಳಿದೆ. ಗರ್ ಎಂದಿತು. "ಅಂಗಲ್ಲ ಕಣೆ, ಮೆಲ್ಲಗೆ" ಅಂದರು. ಷೆಡ್ಡಿನಿಂದ ಗೇಟಿನವರೆಗೆ ಹೋದೆವು. ಅವತ್ತು ಅವರು ಗೇಟಿನ ಹತ್ತಿರ ಅತ್ತರು, ನಾನು ನೋಡದವಳಂತೆ ಕನ್ನಡಿ ಒರೆಸಿದೆ.

ಕಲಿಯಲು ಆರು ತಿಂಗಳು ಹಿಡಿಯಿತು. ಕಲಿತ ಮೇಲೆ ಮಾತೇ ಬೇಕಾಗುತ್ತಿರಲಿಲ್ಲ. ಅವರ ಎಡ ಮಂಡಿ ಏಳುತ್ತಲೇ ನನ್ನ ಕೈ ಗೇರಿನ ಮೇಲಿರುತ್ತಿತ್ತು. ಮಂಡಿ ಇಳಿದು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಾಯಬೇಕು, ಆಮೇಲೆ ಹಾಕಬೇಕು. ಹಾಕಿದರೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತಿತ್ತು. ಜಗಳ ಆಡಿ ಮಾತು ಬಿಟ್ಟ ದಿನಗಳಲ್ಲೂ ನಾವು ಅರಕಲಗೂಡಿಗೆ ಹೋಗಿ ಬಂದಿದ್ದೇವೆ. ಬಾಯಿ ಮುನಿಸಿಕೊಂಡಿರುತ್ತಿತ್ತು, ಕೈಕಾಲು ತಮ್ಮ ಪಾಡಿಗೆ ಸಂಸಾರ ಮಾಡುತ್ತಿದ್ದವು. ನಮಗೆ ಮಕ್ಕಳಿಲ್ಲ. ಅದರ ದುಃಖವನ್ನು ಜನ ನಮಗಿಂತ ಹೆಚ್ಚಾಗಿ ಪಡುತ್ತಿದ್ದರು. ನಮಗೆ ಆ ಕಾರಿನಲ್ಲಿ ಕೂತಾಗ ಯಾವುದೂ ಕಡಮೆ ಇದೆ ಅನ್ನಿಸಲಿಲ್ಲ. ನಾನು ಇದನ್ನು ಅವರಿಗೆ ಒಂದು ಸಲವೂ ಹೇಳಲಿಲ್ಲ.

ಹಳೆಯ ಗೇರ್ ಬಾಕ್ಸಿಗೆ ನಾಲ್ಕೇ ಗೇರು. ಮೂರನೆಯದು ಸವೆದು, ಇಳಿಜಾರಿನಲ್ಲಿ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಗೊರೂರಿನ ಕಡೆ ಇಳಿಯುವಾಗ ನಾನು ಅದನ್ನು ಅಂಗೈಯಿಂದ ಒತ್ತಿ ಹಿಡಿದಿರಬೇಕಾಗಿತ್ತು. ಒಳಗಿನ ಹಲ್ಲುಚಕ್ರಗಳು ಹೊಸದಾಗಿ ಎಲ್ಲೂ ಸಿಗುತ್ತಿರಲಿಲ್ಲ. ಅರಕಲಗೂಡಿನಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಒಬ್ಬರು ನಮ್ಮ ಯಜಮಾನರಿಗೆ ತಮ್ಮನ ಹಾಗೆ ಇದ್ದರು. ಅವರೇ ಒಂದು ದಿನ ಗುಜರಿಯಿಂದ ಬೇರೆ ಕಾರಿನ ಐದು ಗೇರಿನ ಬಾಕ್ಸ್ ತಂದು ಲೇತ್ ಅಂಗಡಿಯಲ್ಲಿ ಇಳಿಸಿದರು.

"ಅಣ್ಣ, ಕೂರ್ಸಣ ಇದ್ನ. ನಡುವೆ ಒಂದು ಪ್ಲೇಟ್ ಮಾಡ್ಕಂಡ್ರೆ ಆಯ್ತದೆ."

ಹೀಗೆ ಶುರುವಾಯಿತು. ಹಳೆಯ ಎಂಜಿನ್ನಿಗೂ ಹೊಸ ಬಾಕ್ಸಿಗೂ ಬೋಲ್ಟಿನ ತೂತು ಕೂಡುವುದಿಲ್ಲ, ಅದಕ್ಕೆ ನಡುವೆ ದಪ್ಪ ಅಲ್ಯೂಮಿನಿಯಂ ಪ್ಲೇಟು. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಕ್ಲಚ್ ಪ್ಲೇಟು ಹೊಸ ಬಾಕ್ಸಿನ ಹಲ್ಲಿಗೆ ಹೊಂದಬೇಕು. ಎರಡು ತಿಂಗಳು ನಮ್ಮ ಮನೆಯಲ್ಲಿ ಇದೇ ಮಾತು. ಊಟದ ತಟ್ಟೆಯ ಪಕ್ಕ ಅಳತೆಯ ವರ್ನಿಯರ್ ಇರುತ್ತಿತ್ತು. ನಾನು ಗೊಣಗಿದೆ, ಆದರೆ ಸುಳ್ಳೇಕೆ ಹೇಳಲಿ, ನನಗೂ ಹುರುಪು ಇತ್ತು. ಮೂರನೇ ಗೇರನ್ನು ಒತ್ತಿ ಹಿಡಿದೂ ಹಿಡಿದೂ ನನ್ನ ಮಣಿಕಟ್ಟು ಊದುತ್ತಿತ್ತು.

ಬಾಕ್ಸ್ ಬಿಚ್ಚಿದಾಗ ಫ್ಲೈವೀಲ್ ಹೊರಗೆ ಬಂತು. ಎಂಜಿನ್ನಿನ ಬೆನ್ನಿಗೆ ಬಿಗಿದಿರುವ ಬೀಡು ಕಬ್ಬಿಣದ ಚಕ್ರ ಅದು. ನನ್ನ ತುಳಿಯುವ ಮೆಷೀನಿನ ಕೆಳಗೂ ಅಂಥದ್ದೊಂದು ಚಕ್ರವಿದೆ. ಕಾಲು ತೆಗೆದ ಮೇಲೂ ಅದರ ಭಾರಕ್ಕೆ ಸೂಜಿ ನಾಲ್ಕು ಹೊಲಿಗೆ ಮುಂದೆ ಹೋಗುತ್ತದೆ. ಯಜಮಾನರು ಅದನ್ನು ಬಲಗೈಯಲ್ಲಿ ಎತ್ತಿ ತೂಕ ನೋಡಿ, "ಬಿಚ್ಚಿದ್ ಮ್ಯಾಕೆ ಇದ್ನೂ ಅಗೂರ ಮಾಡ್ಬುಡಣ. ರ‍್ಯಾಲಿನೋರು ಎಲ್ಲಾ ಮಾಡೋದೇ ಇದು. ಎಂಜಿನ್ ಸರಕ್ಕಂತ ಏಳ್ತದೆ" ಅಂದರು. ಅವರಿಗೆ ಅದು ಇಪ್ಪತ್ತು ವರ್ಷದ ಆಸೆ. ಆ ಹೊತ್ತಿನಲ್ಲಿ ಅವರ ಮುಖ ಮದುವೆಯಾದ ಹೊಸತರಲ್ಲಿ ಇದ್ದ ಹಾಗೆ ಇತ್ತು. ಬೇಡ ಅನ್ನಲು ನನಗೆ ಮನಸ್ಸೂ ಬರಲಿಲ್ಲ, ಕಾರಣವೂ ಗೊತ್ತಿರಲಿಲ್ಲ.

ಅದನ್ನು ಲೇತಿಗೆ ಕಟ್ಟಿದ ದಿನ ಅಂಗಡಿಗೆ ರಜೆ. ನನ್ನನ್ನೂ ಕರೆದುಕೊಂಡು ಹೋದರು. ಗಡಿಯಾರದ ಹಾಗಿರುವ ಡಯಲ್ ಗೇಜಿನ ಮುಳ್ಳಿನ ಮೇಲೆ ಅವರ ಕಣ್ಣು, ಹಿಡಿ ತಿರುಗಿಸುವುದು ನನ್ನ ಕೈ. "ಅರ್ಧ ಸುತ್ತು ಕೊಡು. ಸಾಕು. ಇನ್ನು ಬುಡು, ಅದೇ ಕಡೀತದೆ." ಬೀಡು ಕಬ್ಬಿಣ ಸುರುಳಿ ಸುರುಳಿಯಾಗಿ ಬರುವುದಿಲ್ಲ, ಕರೀ ಪುಡಿಯಾಗಿ ಉದುರುತ್ತದೆ. ಹಿಂಭಾಗದ ಅಂಚಿನಿಂದ ಪದರ ಪದರವಾಗಿ ಅದನ್ನು ನಾನೇ ಉದುರಿಸಿದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂಬತ್ತು ಕೆಜಿ ಇದ್ದದ್ದು ಸಂಜೆಗೆ ಆರೂವರೆ ಆಗಿತ್ತು. ಉದುರಿದ ಪುಡಿಯನ್ನು ಗುಡಿಸಿ ಡಬ್ಬಕ್ಕೆ ತುಂಬಿದೆ. ಮಾರನೆಯ ದಿನ ಯಾರದೋ ಕೆನೆಬಣ್ಣದ ಬ್ಲೌಸಿನ ಮೇಲೆ ನನ್ನ ಉಗುರಿನ ಕಪ್ಪು ಅಂಟಿ, ಬ್ಲೌಸಿನವರಿಂದ ಬೈಸಿಕೊಂಡೆ.

ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನೂ ಬಿಡದೆ ಅಳೆದೆವು. ಪ್ಲೇಟು ಎಂಜಿನ್ನಿನ ನೇರಕ್ಕೆ ಇದೆಯೋ ಇಲ್ಲವೋ ಎಂದು ನಾಲ್ಕು ಸಲ ನೋಡಿದೆವು. ಮೈಸೂರಿಗೆ ಕಳಿಸಿ ಚಕ್ರವನ್ನು ಬ್ಯಾಲೆನ್ಸ್ ಮಾಡಿಸಿದೆವು. ಆ ಕಾರನ್ನು ಓಡಿಸುವುದು ಇಬ್ಬರು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೇರೆ ಯಾರಿಗೂ ಈ ತಪ್ಪು ಆಗುತ್ತಿರಲಿಲ್ಲ, ಏಕೆಂದರೆ ಬೇರೆ ಯಾರೂ ಹಾಗೆ ಓಡಿಸುವುದಿಲ್ಲ.

ಎಲ್ಲ ಕೂಡಿಸಿದ ದಿನ ಮೆಕ್ಯಾನಿಕ್ಕೇ ಎಡಗಡೆ ಕೂತು ಗೇರು ಹಾಕಿದರು. ಬೈಪಾಸಿನ ತನಕ ಹೋಗಿ ಬಂದರು. ಅವರದು ದಿನವೂ ಹತ್ತು ಕಾರು ಓಡಿಸುವ ಕೈ. ಯಜಮಾನರು ಇಳಿದವರೇ ಅಡಿಗೆಮನೆಗೆ ಬಂದು, "ಏನ್ ಎಳೀತದೆ ಅಂತೀಯೆ. ನೀನು ಕೂತ್ಕಂಡಾಗ ನೋಡೀವಂತೆ" ಅಂದರು. ನನ್ನ ಸೀಟಿನಲ್ಲಿ ಇನ್ನೊಬ್ಬರು ಕೂತು ಬಂದರಲ್ಲ ಎಂದು ಒಂಚೂರು ಹೊಟ್ಟೆಕಿಚ್ಚಾಯಿತು. ಅದನ್ನೂ ನುಂಗಿ ಕಾಫಿ ಕೊಟ್ಟೆ.

ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ ಇತ್ತು. ಅದೇ ನಮ್ಮ ಮೊದಲ ಸವಾರಿ. ನಾನು ರೇಷ್ಮೆ ಸೀರೆ ಉಟ್ಟು, ತಟ್ಟೆ ಹಣ್ಣುಕಾಯಿ ಹಿಂದೆ ಇಟ್ಟು ಕೂತೆ. ಮೊದಲ ತಿರುವಿನಲ್ಲೇ ಗೊತ್ತಾಯಿತು. ಅವರ ಮಂಡಿ ಇಳಿಯಿತು, ನಾನು ನನ್ನ ಒಂದು ಉಸಿರು ಕಾದೆ, ಅಷ್ಟರಲ್ಲಿ ಎಂಜಿನ್ನಿನ ಸದ್ದು ಪಾತಾಳಕ್ಕೆ ಬಿದ್ದಿತ್ತು. ಗೇರು ಹಾಕಿದ ಮೇಲೆ ಕಾರು ಮುಗ್ಗರಿಸಿತು. ಹಳೆಯ ಚಕ್ರ ತನ್ನ ಭಾರಕ್ಕೆ ತಿರುಗುತ್ತಾ ನಮ್ಮಿಬ್ಬರಿಗೂ ಕಾಯುತ್ತಿತ್ತು. ಈ ಹಗುರ ಚಕ್ರ ಕಾಯುವುದಿಲ್ಲ. ನಾನು ಬೇಗ ಹಾಕಲು ಹೋದರೆ ಅವರ ಕ್ಲಚ್ಚು ಇನ್ನೂ ಪೂರ್ತಿ ಇಳಿದಿರುತ್ತಿರಲಿಲ್ಲ. "ಬೇಗ ಆಕು" ಅಂದರು. ಆಮೇಲೆ "ಅಷ್ಟು ಬೇಗ ಬ್ಯಾಡ" ಅಂದರು. ಹನ್ನೊಂದು ವರ್ಷದಲ್ಲಿ ಕಾರಿನೊಳಗೆ ಆಡದ ಮಾತನ್ನೆಲ್ಲ ಆ ಒಂದು ದಾರಿಯಲ್ಲಿ ಆಡಿದೆವು.

ಟೋಲ್ ಗೇಟಿನಲ್ಲಿ ಸಾಲು ಇತ್ತು. ಹಾಕಬೇಕಾದದ್ದು ಒಂದನೇ ಗೇರು, ನಾನು ಮೂರನೆಯದಕ್ಕೆ ಹಾಕಿದೆ. ಹೊಸ ಬಾಕ್ಸಿನಲ್ಲಿ ಅವೆರಡೂ ಒತ್ತೊತ್ತಿಗೆ ಇವೆ. ಎಂಜಿನ್ ಆರಿತು. ಎರಡನೇ ಸಲ ಸರಿಯಾಗಿ ಒಂದಕ್ಕೇ ಹಾಕಿದೆ, ಮತ್ತೆ ಆರಿತು. ಮೂರನೇ ಸಲವೂ ಆರಿತು. ಅದು ಅವರ ಕಾಲಿನ ತಪ್ಪು. ಹಗುರ ಚಕ್ರಕ್ಕೆ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು, ಅವರು ಹಳೆಯ ಅಭ್ಯಾಸದಲ್ಲಿ ಬಿಟ್ಟಿದ್ದರು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಿಂದಿನಿಂದ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಗೇಟಿನ ಹುಡುಗರು ಕಿಟಕಿಯಿಂದ ಬಗ್ಗಿ ನೋಡಿ, ಗೇರಿನ ಮೇಲೆ ನನ್ನ ಕೈ ಇರುವುದನ್ನು ಕಂಡು ನಕ್ಕರು.

ಆಗ ಅವರು ಹೇಳಿದರು. "ನಿನ್ ಕೈ ಬಟ್ಟೆ ಒಲಿಯಕ್ಕೇ ಸರಿ. ಇನ್ಮ್ಯಾಕೆ ಮೆಕ್ಯಾನಿಕ್ಕನ್ನೇ ಕರ್ಕಂಡ್ ಬತ್ತೀನಿ."

ನಾನು ಗೇರನ್ನು ಮತ್ತೆ ಒಂದಕ್ಕೆ ಹಾಕಿದೆ. ಹೇಗೋ ಚನ್ನರಾಯಪಟ್ಟಣ ಮುಟ್ಟಿದೆವು. ಪೂಜೆ ಮುಗಿಯಿತು, ಊಟ ಮುಗಿಯಿತು. ನಾನು ತಂಗಿಗೆ ತಲೆನೋವು ಅಂತ ಹೇಳಿ, ಅವರಿಗೆ ಹೇಳದೆ ಬಸ್ ಸ್ಟ್ಯಾಂಡಿಗೆ ನಡೆದು, ಹಾಸನದ ಬಸ್ಸು ಹತ್ತಿದೆ. ಅವರು ಅಲ್ಲೇ ಉಳಿದರು. ಮಾರನೆಯ ದಿನ ಮೆಕ್ಯಾನಿಕ್ ಹೋಗಿ ಕಾರನ್ನೂ ಅವರನ್ನೂ ಕರೆದುಕೊಂಡು ಬಂದರು.

ಆಮೇಲಿನ ಐದು ವಾರಗಳನ್ನು ನಾನು ಬರೆಯಬಾರದು ಅಂದುಕೊಂಡಿದ್ದೆ. ಅಡಿಗೆ ಮಾಡಿದೆ, ಷರಟಿನ ತೋಳಿಗೆ ಕೈ ತೂರಿಸಿದೆ, ಮಾತಿಗೆ ಮಾತು ಕೊಟ್ಟೆ. ಕಾರಿನ ಸುದ್ದಿ ಮಾತ್ರ ಎತ್ತಗೊಡಲಿಲ್ಲ. ಒಂದು ಭಾನುವಾರ ಅವರು, "ಬಾ, ಮೊಸಳೆಗಂಟ ಓಗ್ಬುಟ್ಟು ಬರಣ" ಅಂದರು. "ಮದುವೆ ಬ್ಲೌಸು ಕೊಡಬೇಕು, ನಿಮ್ಮ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗಿ" ಅಂದೆ. ಇನ್ನೊಂದು ಭಾನುವಾರ ಹೊಳೆನರಸೀಪುರದಲ್ಲಿ ನನ್ನ ಅಣ್ಣನ ಮನೆಗೆ ಹೋಗೋಣ ಅಂದರು. ನನ್ನ ತವರಿನ ಹೆಸರು ತೆಗೆದರೆ ಕರಗುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಕರಗಿದೆ ಕೂಡ. ಆದರೆ ತೋರಿಸಲಿಲ್ಲ. ಮೂರನೇ ಸಲ ಅವರು ಕೇಳಲೇ ಇಲ್ಲ. ಬೀಗದ ಕೈ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ನಾನು ತಲೆ ಎತ್ತದೆ ಮೆಷೀನು ತುಳಿದೆ. ಹೊಲಿಯಲು ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಅವರಿಗೆ ಅದು ಕಂಡಿತೋ ಇಲ್ಲವೋ, ಸ್ವಲ್ಪ ಹೊತ್ತು ನಿಂತು ಹೋದರು.

ನನ್ನ ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ಕೋಪವಲ್ಲ, ಹೆದರಿಕೆ. ಇನ್ನೊಮ್ಮೆ ಕೂತು ಇನ್ನೊಮ್ಮೆ ಹಾಗೇ ಆದರೆ, ನಮ್ಮಿಬ್ಬರ ಹೊಂದಿಕೆ ಮುಗಿಯಿತು ಎಂದು ಖಾತ್ರಿಯಾಗುತ್ತಿತ್ತು. ಕೂರದೆ ಇದ್ದರೆ ಮುಗಿದಿಲ್ಲ ಎಂದುಕೊಳ್ಳಬಹುದಿತ್ತು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು, ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು.

ಒಂದು ಬುಧವಾರ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಪಕ್ಕದ ದಿನಸಿ ಅಂಗಡಿಯವರು ಫೋನ್ ಮಾಡಿ, "ಅಕ್ಕ, ಬಿರ‍್ರನೆ ಬನ್ನಿ" ಅಂದರು. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೃದಯ ನಿಂತಿತ್ತು. ಲೇತ್ ಇನ್ನೂ ತಿರುಗುತ್ತಿತ್ತಂತೆ, ಯಾರೋ ಮೇನ್ ಆರಿಸಿದರಂತೆ. ಷರಟು ಬಿಚ್ಚುವಾಗ ಎಡ ತೋಳನ್ನು ಹೇಗೆ ತೆಗೆಯಬೇಕು ಎಂದು ಆಸ್ಪತ್ರೆಯವರಿಗೆ ಗೊತ್ತಾಗಲಿಲ್ಲ. ನಾನೇ ತೆಗೆದುಕೊಟ್ಟೆ.

ಹನ್ನೊಂದನೇ ದಿನದ ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಅರಕಲಗೂಡಿನ ಮೆಕ್ಯಾನಿಕ್ ಬಂದರು. ಬೈಕಿನ ಹಿಂದೆ ಗೋಣಿಚೀಲದಲ್ಲಿ ಏನೋ ಕಟ್ಟಿದ್ದರು. ಅದನ್ನು ಎರಡು ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲೆ ಇಟ್ಟರು. ಬಿಚ್ಚಿದರೆ ಒಂದು ಫ್ಲೈವೀಲು, ತುಕ್ಕು ಹಿಡಿದದ್ದು, ಪೂರ್ತಿ ತೂಕದ್ದು.

"ಏನಪ್ಪ ಇದು?" ಅಂದೆ.

"ಅಣ್ಣ ಏಳಿದ್ರು ಅಕ್ಕ" ಎಂದು ಅವರು ನೆಲ ನೋಡುತ್ತಾ ಶುರು ಮಾಡಿದರು. "ಚನ್ನರಾಯಪಟ್ನದಿಂದ ಕಾರ್ ತಂದ್ವಲ್ಲ, ಅವತ್ತೇ ದಾರೀಲಿ ಏಳುದ್ರು. ಇದೇ ಕಾರಿಂದು, ಅಳೇ ತೂಕದ್ದೇ ಒಂದು ಉಡುಕ್ಲಾ ಅಂತ. ಎಲ್ಲೂ ಇರ‍್ಲಿಲ್ಲ. ಒಳೆನರಸೀಪುರದಾಗೆ ಒಂದು ಮುಚ್ಚೋಗಿರೋ ಗ್ಯಾರೇಜ್ ಇತ್ತು, ಅಲ್ಲಿ ಸಿಕ್ತು. ತರೋವೊತ್ಗೆ ಇಂಗಾಗೋಯ್ತು."

"ಹೊಸದೇ ಚೆನ್ನಾಗಿದೆ ಅಂತಿದ್ರಲ್ಲ ಅವರು."

"ನಾನೂ ಅದ್ನೇ ಅಂದೆ ಅಕ್ಕ. ಇಷ್ಟ್ ವರ್ಸ ಆಸೆ ಪಟ್ ಮಾಡ್ಸಿದ್ದು, ಯಾಕಣ್ಣ ಅಂದೆ. ಅದುಕ್ಕೆ, ಟೋಲ್‌ತಾವ ಎಂಜಿನ್ ಆಫ್ ಆಗಿದ್ದು ನನ್ ಕಾಲಿಂದ ಕಣ್ಲಾ, ಅವ್ಳ್ ಕೈಯಿಂದಲ್ಲ, ನಾನು ಅವ್ಳ್ ಮ್ಯಾಲೆ ಆಕ್ಬುಟ್ಟೆ ಅಂದ್ರು. ಅವ್ಳು ಬರ‍್ದಿದ್ ಮ್ಯಾಕೆ ಈ ಕಾರ್ ಎಷ್ಟ್ ಜೋರಾಗಿ ಓಡಿ ಏನ್ ಮಾಡ್ಬೇಕು ಅಂದ್ರು." ಗೋಣಿಚೀಲ ಮಡಚುತ್ತಾ, "ನಿಮ್ಗೆ ಏಳ್ಬ್ಯಾಡ ಅಂದಿದ್ರು. ಕೂರ್ಸುದ್ ಮ್ಯಾಲೆ ಕರ‍್ಕಂಡೋಗಿ ತೋರಿಸ್ತೀನಿ ಅಂದಿದ್ರು" ಎಂದರು.

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಸತ್ತ ದಿನ ಬಾರದ ಅಳು ಅವತ್ತು ಬಂತು. ಮೂರು ಸಲ ಕರೆದಿದ್ದರು. ಮೂರು ಸಲವೂ ಕ್ಷಮೆ ಕೇಳಲು ಕರೆದಿದ್ದರು, ಅವರಿಗೆ ಬೇರೆ ರೀತಿ ಕೇಳಲು ಬರುತ್ತಿರಲಿಲ್ಲ ಅಷ್ಟೆ. ಅದು ನನಗೆ ಆಗಲೇ ಗೊತ್ತಾಗಬೇಕಿತ್ತು. ನನಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಮೆಕ್ಯಾನಿಕ್ ಏನು ಮಾಡಬೇಕೋ ತಿಳಿಯದೆ ಒಳಗಿನಿಂದ ನೀರು ತಂದುಕೊಟ್ಟರು. ಬಹಳ ಹೊತ್ತಿನ ಮೇಲೆ, "ವಾಪಸ್ ತಗಂಡೋಗ್ಲಾ ಅಕ್ಕ?" ಎಂದು ಕೇಳಿದರು.

"ಬೇಡ. ಹಾಕು" ಅಂದೆ.

ಎರಡು ದಿನ ಷೆಡ್ಡಿನಲ್ಲೇ ಕೆಲಸ ಮಾಡಿದರು. ಬಾಕ್ಸ್ ಇಳಿಸಿ, ಹಗುರದ ಚಕ್ರ ತೆಗೆದು, ಭಾರದ್ದನ್ನು ತೊಳೆದು ಉಜ್ಜಿ ಕೂರಿಸಿದರು. ನಾನು ಟಾರ್ಚ್ ಹಿಡಿದೆ, ಕೇಳಿದ ಸ್ಪ್ಯಾನರ್ ಕೊಟ್ಟೆ. ಮುಗಿದ ಮೇಲೆ ಅವರು ಕೈ ತೊಳೆದುಕೊಂಡು ಬಂದು, "ಬನ್ನಿ ಅಕ್ಕ, ಕೂತ್ಕಳಿ. ಒಂದು ರೌಂಡ್ ಓಗ್ಬುಟ್ಟು ಬರಣ" ಅಂದರು.

ಹೋದೆ. ಎಡಗಡೆ ಬಾಗಿಲು ತೆಗೆದು ನನ್ನ ಸೀಟಿನಲ್ಲಿ ಕೂತೆ. ಎಂಜಿನ್ ಚಾಲೂ ಆಯಿತು. ಅದೇ ಹಳೆಯ ಗಂಭೀರ ಸದ್ದು, ಅವಸರವಿಲ್ಲದ್ದು. ಬಲಗಡೆ ಕೂತ ಮೆಕ್ಯಾನಿಕ್ ಎಡ ಮಂಡಿ ಎತ್ತುತ್ತಲೇ ನನ್ನ ಕೈ ತಾನಾಗಿ ಗೇರಿನ ಕಡೆ ಹೋಯಿತು. ಅಲ್ಲಿ ಇನ್ನೊಂದು ಕೈ ಆಗಲೇ ಬಂದಿತ್ತು. ಎರಡು ಕೈ ಇರುವ ಮನುಷ್ಯ, ಹಾಗೆಯೇ ತಾನೆ ಓಡಿಸುವುದು. ನಮ್ಮ ಬೆರಳು ಬೆರಳಿಗೆ ತಾಗಿ, ಅವರು ಬಿಸಿ ಮುಟ್ಟಿದವರಂತೆ ಕೈ ಎಳೆದುಕೊಂಡರು.

"ತಪ್ಪಾಯ್ತು ಅಕ್ಕ. ನೀವೇ ಆಕಿ" ಅಂದರು.

ಅವರು ಕ್ಲಚ್ ಒತ್ತಿಕೊಂಡೇ ಕಾದರು. ನಾನು ನನ್ನ ಕೈಯನ್ನು ತೆಗೆದು ಮಡಿಲಿನಲ್ಲಿ ಇಟ್ಟುಕೊಂಡೆ.

"ನೀನೇ ಹಾಕ್ಕೊಳಪ್ಪ" ಅಂದೆ.

ಅವರೇ ಹಾಕಿದರು, ಕಾರು ಗೇಟು ದಾಟಿತು.